ಆರನೇ ಜಾರು

ನೀರಕ್ಕನಿಗೆ ಯಾರಾದರೂ "ನೀವೇ ಮಾಡಿ" ಎಂದರೆ ಸಾಕು, ಮಾಡಿಯೇ ತೀರುವಳು. ಅದೇ ಅವಳ ಗುಣ, ಅದೇ ಅವಳ ಪೀಡೆ. ಊರಿಗೆ ಕುಡಿಯುವ ನೀರು ಶುದ್ಧ ಮಾಡುವ ಘಟಕದಲ್ಲಿ ಅವಳದು ಇಪ್ಪತ್ತಾರು ವರ್ಷದ ಕೆಲಸ. ದಿನಾ ಬೆಳಗ್ಗೆ ಆರು ಗಾಜಿನ ಜಾರುಗಳಿಗೆ ಹೊಳೆಯ ಕೆಂಪು ನೀರು ತುಂಬಬೇಕು. ಒಂದರಿಂದ ಆರರವರೆಗೆ ಪಟಿಕದ ದ್ರಾವಣ ಹೆಚ್ಚಿಸುತ್ತ ಹಾಕಬೇಕು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಟ್ಟು ನೋಡಬೇಕು. ಯಾವ ಜಾರು ಚೆನ್ನಾಗಿ ತಿಳಿಯಾಯಿತೋ ಅದರ ಪ್ರಮಾಣದಲ್ಲೇ ಊರಿನ ನೀರಿಗೂ ಪಟಿಕ. ಅದಕ್ಕೇ ಅವಳಿಗೆ ನೀರಕ್ಕ ಎಂಬ ಹೆಸರು.

ಒಂದು ಭಾನುವಾರ ಗಂಡ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವನು, ಮಿಷನ್ ತುಳಿಯುತ್ತ ಕೇಳಿದ: "ಅಲ್ವೇ, ಇಷ್ಟು ವರ್ಷದಿಂದ ಆ ಜಾರೊಳಗೆ ಅದೇನು ನೋಡ್ತೀಯೇ?"

ತೋರಿಸೋಣವೆಂದು ಅವಳು ಫೋನಿನಲ್ಲಿ, ಜನರೆಲ್ಲ ಸೇರಿ ಬರೆಯುವ ಆ ವಿಶ್ವಕೋಶವನ್ನು ತೆರೆದಳು. ಕನ್ನಡದಲ್ಲಿ ಜಾರು ಪರೀಕ್ಷೆಯ ಬಗ್ಗೆ ಒಂದಕ್ಷರ ಇರಲಿಲ್ಲ. "ಈ ಪುಟ ಇನ್ನೂ ಇಲ್ಲ. ನೀವೇ ಬರೆಯಬಹುದು" ಎಂದಿತ್ತು. ಮುಗಿಯಿತಲ್ಲ ಕಥೆ!

ಮೂರು ವಾರ ಬರೆದಳು. ಕೆಲಸ ಮುಗಿಸಿ ಬಂದು, ಕತ್ತರಿಸಿದ ಬಟ್ಟೆಗಳ ನಡುವೆ ಕೂತು ಒಂದೊಂದೇ ಪ್ಯಾರಾ ಗಂಡನಿಗೆ ಓದಿ ಹೇಳುವಳು. ಅರ್ಥವಾಗದ ಕಡೆ ಅವನು "ಇಲ್ಲಿ ದಾರ ತುಂಡಾಯ್ತು" ಎನ್ನುವನು. ಅವಳು ಗೊಣಗುತ್ತ ಮತ್ತೆ ಬರೆಯುವಳು. ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುವುದು, ಪಟಿಕ ಬಿದ್ದೊಡನೆ ಹಗೆ ಮರೆತು ಅಂಟಿಕೊಂಡು ಗರಣೆ ಕಟ್ಟಿ ತಳ ಸೇರುವುದು, ಪಟಿಕ ಅತಿಯಾದರೆ ಆರನೇ ಜಾರಿನಲ್ಲಿ ನೀರು ಮತ್ತೆ ಕದಡುವುದು, ಎಲ್ಲ ಬಂತು. ಕೊನೆಯಲ್ಲಿ "ಆಧಾರ" ಎಂಬ ಜಾಗ ಖಾಲಿ ಇತ್ತು. ನೀರಕ್ಕ ತುಂಬಿದಳು: "ನಾನೇ. ಇಪ್ಪತ್ತಾರು ವರ್ಷ."

ಮರುದಿನ ಪುಟದ ತಲೆಯ ಮೇಲೆ ಕೆಂಪು ಪಟ್ಟಿ! "ಅಚ್ಚಾದ ಆಧಾರವಿಲ್ಲ. ಏಳು ದಿನದೊಳಗೆ ಕೊಡದಿದ್ದರೆ ಲೇಖನ ಅಳಿಸಲಾಗುವುದು. ಪಟಿಕ ಹೆಚ್ಚಾದರೆ ನೀರು ಮತ್ತೆ ಕದಡುತ್ತದೆ ಎಂಬುದಂತೂ ನಂಬುವ ಮಾತಲ್ಲ." ಹಾಕಿದವನು ಯಾರೋ ಸಂಪಾದಕ. ಮುಖ ಕಾಣದ ಅವನಿಗೆ ಅವಳು ಅಲ್ಲೇ ಕತ್ತರಿ ಮಾಮ ಎಂದು ಹೆಸರಿಟ್ಟಳು.

"ಹಾಗಾದ್ರೆ ನನ್ನ ಕಣ್ಣು ಸುಳ್ಳಾ? ಇಪ್ಪತ್ತಾರು ವರ್ಷ ಕತ್ತೆ ಕಾಯ್ದೆನಾ ನಾನು?"

"ಅವನ ಮೇಲೆ ಯಾಕೆ ಉರೀತೀಯ?" ಎಂದ ಗಂಡ. "ಗಿರಾಕಿ ಬಾಯಲ್ಲಿ ಹೇಳಿದ ಅಳತೆ ನಾನು ನಂಬ್ತೀನಾ? ಟೇಪು ಹಿಡಿದೇ ನೋಡ್ತೀನಿ. ನೀನೂ ಟೇಪು ತೋರಿಸು."

ಮಾತು ಚುಚ್ಚಿತು, ಆದರೆ ನಿಜವಾಗಿತ್ತು. ಘಟಕದ ಇಂಜಿನಿಯರ್ ಕೋಣೆಯಲ್ಲಿ ಗಾಜಿನ ಬೀರು ತುಂಬ ಪುಸ್ತಕಗಳಿದ್ದವು. ಬೀಗ ಹಾಕಿಯೇ ಇರುತ್ತಿತ್ತು. ಒಂದೇ ಒಂದು ದಿನಕ್ಕೆ ಒಂದು ಪುಸ್ತಕ ಬೇಕೆಂದು ಕೇಳಿದಳು.

"ನಿಮಗ್ಯಾಕಮ್ಮ ಅದೆಲ್ಲ?" ಅವರು ತಲೆಯನ್ನೂ ಎತ್ತಲಿಲ್ಲ. "ಜಾರು ಸರಿಯಾಗಿ ತೊಳೀರಿ, ಸಾಕು."

ಅವಳಿಗೆ ಅಳು ಬಂತು. ಜಾರುಗಳನ್ನು ಎಂದಿಗಿಂತ ಚೆನ್ನಾಗಿಯೇ ತೊಳೆದು, ಆರನೆಯ ದಿನ ಅರ್ಧ ದಿನದ ರಜೆ ಹಾಕಿ ಊರಿನ ಗ್ರಂಥಾಲಯಕ್ಕೆ ಹೋದಳು. ಅಲ್ಲಿನ ಗ್ರಂಥಪಾಲಕಿ ಹುಡುಕಿಕೊಟ್ಟದ್ದು ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಪುಟ ತಿರುವಿದಳು, ತಿರುವಿದಳು, ಮುನ್ನೂರು ದಾಟಿದ ಮೇಲೆ ಕೈ ನಿಂತಿತು. ಅಲ್ಲಿ ಒಂದು ನಕ್ಷೆಯಿತ್ತು. ಕದಡು ತೋರಿಸುವ ಗೆರೆ ಇಳಿಯುತ್ತ ಇಳಿಯುತ್ತ ಬಂದು, ಕೊನೆಯ ಚುಕ್ಕೆಯಲ್ಲಿ ಬಾಲ ಎತ್ತಿತ್ತು.

"ಅಯ್ಯಯ್ಯೋ, ಇದು ನನ್ನ ಆರನೇ ಜಾರು!"

ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಸದ್ದು ಮಾಡಬೇಡಿ ಎನ್ನಲು ಬಂದ ಗ್ರಂಥಪಾಲಕಿ ಪಕ್ಕದಲ್ಲೇ ಕೂತು, ನಕ್ಷೆಯ ಕೆಳಗಿನ ಸಾಲುಗಳನ್ನು ಕನ್ನಡದಲ್ಲಿ ಹೇಳಿಕೊಟ್ಟಳು. ಪಟಿಕ ಅತಿಯಾದರೆ ಕಣಗಳು ಮತ್ತೆ ಒಂದನ್ನೊಂದು ತಳ್ಳುತ್ತವಂತೆ. ಪುಸ್ತಕದ ಹೆಸರು, ಪುಟಸಂಖ್ಯೆಯನ್ನು ನೀರಕ್ಕ ಎರಡೆರಡು ಸಲ ನೋಡಿ ಬರೆದುಕೊಂಡಳು.

ಸಂಜೆ "ನಾನೇ" ಎಂಬುದನ್ನು ತಾನೇ ಅಳಿಸಿ ಆಧಾರ ಹಾಕಿದಳು. ಏಳನೆಯ ದಿನ ಕೆಂಪು ಪಟ್ಟಿ ಹೋಯಿತು. ಕತ್ತರಿ ಮಾಮನ ಸಾಲು ಕೆಳಗಿತ್ತು: "ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಮರಳು ಶೋಧಕದ ಬಗ್ಗೆಯೂ ಲೇಖನವಿಲ್ಲ. ನೀವೇ ಬರೆಯಬಹುದಲ್ಲ?"

"ಹೋಯ್ತು ಬಿಡು, ಇನ್ನು ನನ್ನ ಊಟಕ್ಕೂ ಆಧಾರ ಇಲ್ಲ," ಎಂದು ನಕ್ಕ ಗಂಡ, ಅಂದು ತಾನೇ ಅನ್ನಕ್ಕಿಟ್ಟ.

ಎರಡು ತಿಂಗಳಾದ ಮೇಲೆ ಘಟಕಕ್ಕೆ ಹೊಸದಾಗಿ ನಾಲ್ವರು ಸೇರಿದರು. ಇಂಜಿನಿಯರ್ ಅವರನ್ನು ಜಾರುಗಳ ಕೋಣೆಗೆ ಕರೆತಂದು, ಗೋಡೆಗೆ ಎರಡು ಹಾಳೆ ಅಂಟಿಸಿದರು. "ಎಲ್ಲರೂ ಓದ್ಕೊಳ್ಳಿ. ಯಾರೋ ದೊಡ್ಡ ತಜ್ಞರು ಬರೆದಿದ್ದಾರೆ. ನಾನೂ ಇಷ್ಟು ಸರಳವಾಗಿ ಹೇಳಲಾರೆ."

ಕೈಯಲ್ಲಿದ್ದ ಜಾರನ್ನು ಒರೆಸುತ್ತ ನೀರಕ್ಕ ಹತ್ತಿರ ಹೋದಳು. ಮೊದಲ ಸಾಲು ಓದಿದಳು, ಕೊನೆಯದನ್ನೂ ಓದಿದಳು.

"ಸಾರ್, ಇದು ಹಳೇದು. ಕೊನೇ ಪ್ಯಾರಾ ನಿನ್ನೆ ಸಂಜೆ ತಿದ್ದಿದೀನಿ. ಹೊಸದನ್ನ ಪ್ರಿಂಟ್ ತೆಗೆದು ಅಂಟಿಸಿ."

ಇಂಜಿನಿಯರ್ ಹಾಳೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಮುಖ ಕೆಂಪಾಯಿತು. ಜೇಬಿಗೆ ಕೈ ಹಾಕಿ, ಬೀರುವಿನ ಬೀಗದ ಕೈಯನ್ನು ಆರನೇ ಜಾರಿನ ಪಕ್ಕ ಇಟ್ಟರು.

"ಯಾವ ಪುಸ್ತಕ ಬೇಕಮ್ಮ?"

"ಎಲ್ಲಾನೂ ಸಾರ್," ಎಂದು ನೀರಕ್ಕ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.