ಗ್ರೌಲಿಯ ಸೂತಕ

ಬೇಸಿಗೆಯಲ್ಲಿ ನಡೆಯುವವರು, ಚಳಿಗಾಲದಲ್ಲಿ ಜಾರುವವರು. ಗ್ರಾಮ್ಸ್ ಕಣಿವೆಗೆ ಬಂದು ಬೀಳುವ ಜನರನ್ನು ವಾಲ್ಬುರ್ಗಾ ಹೀಗೆ ಎರಡು ಜಾತಿ ಮಾಡಿದ್ದಳು. ಎರಡೂ ಅವಳ ಪಾಲಿಗೆ ಪೀಡೆಯೇ. ಮೊದಲನೆಯವರು ಅವಳ ಹುಲ್ಲು ತುಳಿದು ಹಸುಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಎರಡನೆಯವರು ಅದೇ ಹುಲ್ಲುಗಾವಲಿನ ಮೇಲೆ ಹಿಮ ಬಿದ್ದಾಗ, ಸ್ಕೀ ಕಟ್ಟಿಕೊಂಡು ಜಾರಿ ಅವಳ ಮೈದುನ ಕಾಸಿಯಾನನ ಹೋಟೆಲಿನ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಇವರ ಸುಖಕ್ಕಾಗಿ ಪ್ರತಿವರ್ಷ ಹಸುಗಳು ಬೆಟ್ಟ ಇಳಿದ ಮೇಲೆ ಅವಳು ಬೇಲಿಯ ಗೂಟ ಕಿತ್ತು, ತಂತಿ ಸುತ್ತಿ ಕೊಟ್ಟಿಗೆಗೆ ಹಾಕಬೇಕು. ಅದು ಗಂಡ ತಮ್ಮನಿಗೆ ಮಾಡುತ್ತಿದ್ದ ಉಪಕಾರ. ಗಂಡ ಹೋದ ಮೇಲೆ ಕಾಸಿಯಾನ್ ಅದನ್ನು ತನ್ನ ಹಕ್ಕೆಂದೇ ತಿಳಿದಿದ್ದ.

ಅರವತ್ತು ದಾಟಿದ ಹೆಂಗಸು, ಕಾಲಿಗೆ ಗಂಡಸರ ಬೂಟು, ಬಾಯಿ ಬಲು ಜೋರು. ಮಕ್ಕಳಿಲ್ಲ. ಬೇಸಿಗೆಯಿಡೀ ಬೆಟ್ಟದ ಮೇಲಿನ ಗುಡಿಸಲಿನಲ್ಲಿ ಹಸುಗಳ ಜೊತೆಗಿದ್ದು ಚೀಸ್ ಮಾಡುತ್ತಿದ್ದಳು. ಹಿಂಡಿಗೆ ಮುಂದಾಳು ಗ್ರೌಲಿ ಎಂಬ ಬೂದು ಬಣ್ಣದ ಮುದಿ ಹಸು. ಅದು ನಡೆದರೆ ಉಳಿದವು ನಡೆಯುತ್ತಿದ್ದವು, ನಿಂತರೆ ನಿಲ್ಲುತ್ತಿದ್ದವು.

ಆ ಆಗಸ್ಟಿನಲ್ಲಿ ಹೋಟೆಲಿನ ಅತಿಥಿಯೊಬ್ಬ ನಾಯಿಯ ಹಗ್ಗ ಬಿಚ್ಚಿದ. ಬಿಚ್ಚಬೇಡಿ ಎಂದು ಚಿತ್ರ ಸಮೇತ ಬರೆದ ಹಲಗೆಯ ಪಕ್ಕದಲ್ಲೇ ಬಿಚ್ಚಿದ. ನಾಯಿ ಕರುಗಳ ಮೇಲೆ ನುಗ್ಗಿತು, ಗ್ರೌಲಿ ನಾಯಿಯ ಮೇಲೆ ನುಗ್ಗಿತು. ನಾಯಿ ಪಕ್ಕಕ್ಕೆ ಹಾರಿತು, ಗ್ರೌಲಿ ಕೊರಕಲಿಗೆ ಬಿದ್ದು ಸತ್ತಿತು. ಆ ಮಹಾನುಭಾವ ಮೊದಲು ನೋಡಿದ್ದು ತನ್ನ ನಾಯಿಗೆ ಗಾಯವಾಯಿತೇ ಎಂದು.

ಒಳ್ಳೆಯ ವರ್ಷವಾದರೆ ಬೆಟ್ಟ ಇಳಿಯುವ ಹಸುಗಳ ತಲೆಗೆ ಹೂವು, ಹಣೆಗೆ ಕನ್ನಡಿ. ಬೆಟ್ಟದ ಮೇಲೆ ಸಾವಾದ ವರ್ಷ ಏನೂ ಇಲ್ಲ, ಬರಿತಲೆಯಲ್ಲೇ ಇಳಿಯುತ್ತವೆ. ಬರಿತಲೆ ಕಂಡರೆ ಹಳ್ಳಿಯವರು ಟೋಪಿ ತೆಗೆಯುತ್ತಾರೆ, ಆಮೇಲೆ ಏನಾಯಿತೆಂದು ಕೇಳುತ್ತಾರೆ. ಕಾಸಿಯಾನನಿಗೆ ಬೇಡವಾಗಿದ್ದುದು ಆ ಪ್ರಶ್ನೆಯೇ. ಸೆಪ್ಟೆಂಬರಿನಲ್ಲಿ ಜೀಪು ಹತ್ತಿಸಿಕೊಂಡು ಬಂದ.

"ಅತ್ತಿಗೆ, ಹೋಟೆಲ್ ತುಂಬಿದೆ. ಜನ ಬಂದಿರೋದೇ ಹೂವಿನ ಹಸು ನೋಡೋಕೆ."

"ನೋಡ್ಲಿ. ಹಸು ಇರುತ್ತೆ, ಹೂವು ಇರಲ್ಲ."

"ಒಂದು ಮುದಿ ಹಸುಗೋಸ್ಕರ ಇಷ್ಟೊಂದಾ? ಹೇಗೂ ಕಸಾಯಿಖಾನೆಗೆ ಹೋಗೋದೇ ಇತ್ತು."

"ನಿನಗೂ ವಯಸ್ಸಾಯ್ತಲ್ಲೋ. ನಾಳೆ ನಿನ್ನ ಹೆಣದ ಮುಂದೆ ನಿನ್ನ ಅತಿಥಿಗಳನ್ನ ಕುಣಿಸಲಾ?"

ಅವನು ಹಲ್ಲು ಕಡಿಯುತ್ತ ಹೋದ.

ಇಳಿಯುವ ದಿನ ಬೆಳಿಗ್ಗೆ ಅವಳು ಪಾತ್ರೆಪಗಡ ಕಟ್ಟಿಟ್ಟು ಹೊರಬಂದರೆ ಅಂಗಳದಲ್ಲಿ ಕಾಸಿಯಾನನ ಆಳುಗಳು! ಅಷ್ಟೂ ಹಸುಗಳ ತಲೆಗೆ ಕಾಗದದ ಹೂವು, ಪೈನ್ ರೆಂಬೆ, ಕನ್ನಡಿ. ಹೊರಗಿನವರು ತಿಳಿಯದೆ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವನು ಇದೇ ಬೆಟ್ಟದ ಹಾಲು ಕುಡಿದು ಬೆಳೆದವನು, ಚಿಕ್ಕವನಿದ್ದಾಗ ಬರಿತಲೆಯ ಹಿಂಡಿನ ಹಿಂದೆ ಅಳುತ್ತ ನಡೆದವನು. ಕತ್ತರಿ ತೆಗೆದವಳು ಕೈ ತಡೆದಳು. ಇಲ್ಲಿ ಕಿತ್ತರೆ ನೋಡುವವರು ಯಾರು? ಕತ್ತರಿಯನ್ನು ಜೇಬಿಗಿಳಿಸಿ ಕೋಲು ಹಿಡಿದಳು.

ಹೋಟೆಲಿನ ಮುಂದೆ ಚಪ್ಪಾಳೆಯೋ ಚಪ್ಪಾಳೆ. ಕಾಸಿಯಾನ್ ಹೊಸ ಕೋಟು ತೊಟ್ಟು ಮೆಟ್ಟಿಲ ಮೇಲೆ ನಗುತ್ತಿದ್ದ. ಅವಳು ಹಿಂಡು ನಿಲ್ಲಿಸಿ, ಮುಂದಿದ್ದ ಹಸುವಿನ ತಲೆಯ ಹೂವು ಕತ್ತರಿಸಿ ಅವನ ಕಾಲ ಬುಡಕ್ಕೆ ಎಸೆದಳು. ಆಮೇಲೆ ಅದರ ಹಿಂದಿನದು. ಇದೂ ಆಟದ ಭಾಗವೆಂದು ತಿಳಿದು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಒಬ್ಬಳಂತೂ ಬಿದ್ದ ಹೂವನ್ನು ತಲೆಗಿಟ್ಟುಕೊಂಡು ಫೋಟೊ ತೆಗೆಸಿಕೊಂಡಳು. ಚರ್ಚಿನ ಗೋಡೆಯ ಬಳಿ ನಿಂತಿದ್ದ ಊರಿನ ಮುದುಕರು ಮಾತ್ರ ಒಬ್ಬೊಬ್ಬರಾಗಿ ಟೋಪಿ ತೆಗೆದರು.

"ಯಾವುದಮ್ಮಾ ಹೋಗಿದ್ದು?" ಗಿರಣಿಯ ರೋಖುಸ್ ಕೇಳಿದ.

"ಗ್ರೌಲಿ. ಹೇಗೆ ಅಂತ ಮೆಟ್ಟಿಲ ಮೇಲೆ ನಿಂತಿದಾರಲ್ಲ ಸಾಹೇಬ್ರು, ಅವರನ್ನ ಕೇಳು."

ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಪ್ಪಾಯಿತು ಎಂಬ ಒಂದು ಮಾತು ಅವನಿಂದ ಬರಬಹುದೆಂದು ಅವಳು ಅಕ್ಟೋಬರ್ ಪೂರ್ತಿ ಕಾದಳು, ಸುಳ್ಳೇಕೆ. ಬರಲಿಲ್ಲ. ಆ ಸಲ ಅವಳು ಬೇಲಿಯ ಗೂಟಗಳನ್ನು ಕೀಳಲಿಲ್ಲ. ನೆಲ ಹೆಪ್ಪುಗಟ್ಟಿತು, ಇನ್ನು ಕೀಳುತ್ತೇನೆಂದರೂ ಅವು ಬರುವಂತಿರಲಿಲ್ಲ. ದೂರದಿಂದಲೇ ಕಾಣಲೆಂದು ತಂತಿಯುದ್ದಕ್ಕೂ ಕಪ್ಪು ಬಟ್ಟೆಯ ಚೂರು ಕಟ್ಟಿದಳು. ಕ್ರಿಸ್‌ಮಸ್ಸಿಗೆ ಜಾರುವವರು ಬಂದರು. ಮೇಲಿಂದ ಹಾಯಾಗಿ ಬಂದು ಬೇಲಿಯ ಮುಂದೆ ನಿಂತರು. ಸ್ಕೀ ಬಿಚ್ಚಿ ಹೆಗಲಿಗೇರಿಸಿ, ಬೈದುಕೊಳ್ಳುತ್ತ ಸುತ್ತುದಾರಿ ಹಿಡಿದು ನಡೆದರು.

ಕೊನೆಗೆ ಕಾಸಿಯಾನ್ ಮೊಣಕಾಲುದ್ದದ ಹಿಮ ತುಳಿದು ಬಂದ. ಅವಳು ಬಾಗಿಲನ್ನು ಅರ್ಧ ತೆರೆದಳು.

"ಅತ್ತಿಗೆ, ಆಳುಗಳನ್ನ ಕಳಿಸ್ತೀನಿ, ಬೇಲಿ ತಂತಿನಾದ್ರೂ ಬಿಚ್ಚಿಸಿಬಿಡಿ. ಜನ ಬೇರೆ ಹೋಟೆಲಿಗೆ ಹೋಗ್ತಿದಾರೆ. ಹಸು ತಾನೇ? ಹೊಸದು ಕೊಡಿಸ್ತೀನಿ. ಬೇಕಾದ್ರೆ ಎರಡು."

"ಅಷ್ಟೇನಾ ನೀನು ಹೇಳೋಕೆ ಬಂದಿದ್ದು?"

"ಇನ್ನೇನು ಹೇಳ್ಬೇಕು?"

ಅವಳು ಅವನ ಭುಜದ ಮೇಲಿಂದ ಬೇಲಿಯ ಕಡೆ ನೋಡಿದಳು.

"ಅದಕ್ಕೂ ಹೂವು ಕಟ್ಟೋ ಕಾಸಿಯಾನ್. ನಿನ್ನ ಜನ ಚಪ್ಪಾಳೆ ಹೊಡೀತಾರೆ."

ಬಾಗಿಲು ಹಾಕಿ ಅಗುಳಿ ಜಡಿದಳು.