ನೀರಿಲ್ಲದ ಅಳು

ನನ್ನ ಮಗಳಿಗೆ ಅತ್ತರೆ ಕಣ್ಣೀರು ಬರುವುದಿಲ್ಲ. ಇದನ್ನು ಹೊನ್ನಾವರದಲ್ಲಿ ಎಷ್ಟು ಜನರಿಗೆ ಹೇಳಿ ಬಾಯಿ ಸೋತಿದೆಯೋ ನನಗೇ ಗೊತ್ತು. ಮೀನುಪೇಟೆಯಲ್ಲಿ, ಕುಮಟಾ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲ ಕಡೆ ಅದೇ ಪ್ರಶ್ನೆ, ಅದೇ ಪುಕ್ಕಟೆ ಸಲಹೆ. ಭಟ್ಕಳದಿಂದ ಬಂದ ಗಂಡನ ದೊಡ್ಡಮ್ಮ ಮಗುವಿನ ಮೂಗಿನ ಬುಡದಲ್ಲೇ ಈರುಳ್ಳಿ ಹೆಚ್ಚಿ ಪರೀಕ್ಷೆ ಮಾಡಿದರು. ಕಣ್ಣು ಕೆಂಪಾಯಿತು, ನೀರು ಬರಲಿಲ್ಲ. ನಾನು ಈರುಳ್ಳಿಯನ್ನು ತಟ್ಟೆ ಸಮೇತ ಅಂಗಳಕ್ಕೆ ಎಸೆದೆ.

ಮಂಗಳೂರಿನ ಡಾಕ್ಟರು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ನಮ್ಮ ದೇಹದ ಎಷ್ಟೋ ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುತ್ತವೆ. ಪ್ರೋಟೀನು ಕೆಟ್ಟಾಗ ಆ ಸರಪಳಿ ಕಳಚಲು ಒಂದು ಕಿಣ್ವ ಬೇಕು, ಹರಿದ ಮೀನುಬಲೆ ಎಸೆಯುವ ಮೊದಲು ಅದನ್ನು ತೇಲಿಸುವ ಬೆಂಡು ಬಿಚ್ಚಿಕೊಂಡ ಹಾಗೆ. ಭ್ರೂಣ ಬೆಳೆಯುವಾಗಲೇ ಈ ಕೆಲಸ ಶುರುವಾಗಬೇಕು. ಇವಳಲ್ಲಿ ಆ ಕಿಣ್ವ ಆಗಿನಿಂದಲೇ ಇಲ್ಲ. ಹಾಗಾಗಿ ನಡಿಗೆ ತಡ, ಮಾತು ಎರಡೋ ಮೂರೋ ಪದ, ಕಣ್ಣು ಒಣ.

ಅತ್ತೆ ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಬಸ್ರಲ್ಲಿ ತೊಡದೇವು ತಿಂದದ್ದು ಹೆಚ್ಚಾತು, ನಾ ಆಗ್ಲೇ ಹೇಳಿದ್ದೆ," ಎಂದರು. ತಿಂದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ, ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅದನ್ನೂ ಸಹಿಸಿಕೊಂಡೇನು. ನನ್ನ ಹೆದರಿಕೆಯೇ ಬೇರೆ. ಮಾತು ಬಾರದ ಮಗು ನೋವು ಹೇಳುವುದು ಅಳುವಿನಲ್ಲಿ. ಆ ಅಳುವನ್ನೇ ಯಾರೂ ನಂಬದಿದ್ದರೆ? ಅಂಗನವಾಡಿಗೆ ಸೇರಿಸಿದ ದಿನ ಅಲ್ಲಿನ ಅಕ್ಕೋರಿಗೆ ಕಣ್ಣಿಗೆ ಬಿಡುವ ಔಷಧಿ ಕೊಟ್ಟು ಸಾರಿ ಸಾರಿ ಹೇಳಿದ್ದೆ, "ಕಣ್ಣೀರು ನೋಡ್ಬೇಡಿ ಅಕ್ಕೋರೆ, ಮುಖ ನೋಡಿ." ಔಷಧಿ ಬಿಡುವುದನ್ನೂ ತೋರಿಸಿಕೊಟ್ಟೆ. ಬಿಟ್ಟ ಮೇಲೆ ಕೆನ್ನೆ ಒರೆಸಿ "ಆತು, ಆತು" ಎಂದರೆ ಅವಳು ಸುಮ್ಮನಾಗುತ್ತಾಳೆ.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕರೆತರಲು ಹೋದರೆ ಮಗಳು ಮೂಲೆಯಲ್ಲಿ ಕೂತು ಚೀರುತ್ತಿದ್ದಳು.

"ಎಂತ ಇಲ್ಲ, ಬರೀ ಹಟ," ಎಂದರು ಅಕ್ಕೋರು. "ಆಗ್ಲಿಂದ ಕೂಗ್ತದೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ."

ಫ್ರಾಕಿನೊಳಗೆ ಮುಚ್ಚಿಟ್ಟುಕೊಂಡಿದ್ದ ಕೈ ಬಿಡಿಸಿ ನೋಡಿದೆ. ಬಾಗಿಲಿಗೆ ಸಿಕ್ಕಿ ಬೆರಳು ಊದಿತ್ತು, ಉಗುರು ಕಪ್ಪಾಗಿತ್ತು. ಅಕ್ಕೋರ ಮುಖ ಬಿಳಿಚಿಕೊಂಡಿತು. ಬಾಯಿಗೆ ಬಂದಂತೆ ಬೈಯಬೇಕೆಂದು ಅವರ ಕಡೆ ತಿರುಗಿದವಳಿಗೆ ಅಳು ಬಂತು. ಮಗಳೆದುರು ಅಳಬಾರದೆಂದು ಅಲ್ಲಿಯವರೆಗೆ ಹಟ ಹಿಡಿದಿದ್ದೆ.

ಅವಳು ಚೀರುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಕಣ್ಣು ಒದ್ದೆಯಾಗುವುದು ಬಾಟಲಿಯಿಂದ ಮಾತ್ರ ಎಂದು ತಿಳಿದವಳು.

"ಔಷ್ದ?" ಎಂದಳು. ನೋವಿಲ್ಲದ ಕೈಯಿಂದ ನನ್ನ ಕೆನ್ನೆ ಒರೆಸಿದಳು.

"ಆತು, ಆತು."