ಕುದುರೆಯ ಮದ್ದು, ಕೋಣದ ಕಾಲು

ಪಶುವೈದ್ಯೆಯಾಗಿ ನಾನು ಕಲಿತ ಮೊದಲ ದೊಡ್ಡ ಕೆಲಸ ರೇಸ್ ಕುದುರೆಗಳ ಕಾಲಿನದ್ದು. ಬೆಂಗಳೂರಿನಲ್ಲಿ ಕುದುರೆಗಳಿಗೆಂದೇ ಇದ್ದ ಒಂದು ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್ ಒಬ್ಬರ ಪಕ್ಕದಲ್ಲಿ ನಾಲ್ಕು ವರ್ಷ ನಿಂತಿದ್ದೆ. ಓಡುವ ಕುದುರೆಗೆ ಹೆಚ್ಚಾಗಿ ಕೈಕೊಡುವುದು ಮುಂಗಾಲಿನ ಹಿಂಬದಿಯ ನರ. ಪುಸ್ತಕದಲ್ಲಿ ಅದರ ಹೆಸರು ಸ್ನಾಯುರಜ್ಜು; ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಬಿಳಿ ಹುರಿ. ನಮ್ಮೂರಲ್ಲಿ ಎಲ್ಲರೂ ನರ ಎಂದೇ ಹೇಳುವುದರಿಂದ ನಾನೂ ಹಾಗೆಯೇ ಹೇಳುತ್ತೇನೆ. ಅದು ಉಬ್ಬಿದರೆ ಒಳಗೆ ಕಟ್ಟಿದ ರಕ್ತಕ್ಕೆ ಸಣ್ಣ ಚಾಕುವಿನಿಂದ ದಾರಿ ಮಾಡಿಕೊಡಬೇಕು. ಕಡಿದರೆ ಎರಡು ತುದಿಗಳನ್ನೂ ಹುಡುಕಿ ತಂದು ಹೊಲಿಯಬೇಕು. ಮೆತ್ತೆ ಹೊದಿಸಿದ ಗೋಡೆ, ಕುದುರೆಯನ್ನು ಎತ್ತಿ ಮೇಜಿನ ಮೇಲಿಡುವ ಯಂತ್ರ, ಆ ಅನುಕೂಲದಲ್ಲಿ ಕಲಿತವಳು ನಾನು. ಕಲಿಸಿದವರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆಮೇಲೆ ಸರಕಾರಿ ಕೆಲಸ ಸಿಕ್ಕಿ ಕಡಬದ ಕಡೆಗೆ ಬಂದೆ. ಹುಟ್ಟಿದ ಮರ್ಕಂಜ ಹತ್ತಿರವಾಯಿತು ಎಂಬ ಸಂತೋಷ ಒಂದು ಕಡೆ, ಕುದುರೆಗೆ ಆಪರೇಶನ್ ಮಾಡಿದವಳು ಎಂಬ ಜಂಬ ಇನ್ನೊಂದು ಕಡೆ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಬಂದ ಎರಡನೇ ತಿಂಗಳಿಗೆ ನೆಲ್ಯಾಡಿಯ ಆಚೆಯಿಂದ ಒಬ್ಬರು ಫೋನ್ ಮಾಡಿದರು. ಗಲ್ಫಿನಲ್ಲಿ ದುಡಿದು ಬಂದು, ಊರಲ್ಲಿ ಅಂಗಡಿ ಇಟ್ಟುಕೊಂಡು, ಕಂಬಳದ ಕೋಣ ಸಾಕುತ್ತಿದ್ದ ಬ್ಯಾರಿ ಹಿರಿಯರು. ಊರಿಗೆಲ್ಲ ಅವರು ಕಾಕ.

“ಡಾಕ್ಟ್ರೇ, ಕೋಣದ ಹಿಂಗಾಲಿಗೆ ತಗಡಿನ ಶೀಟು ತಾಗಿದೆ. ನರ ಕಡಿದ ಹಾಗೆ ಕಾಣ್ತದೆ. ಒಮ್ಮೆ ಬನ್ನಿ ಮಾರಾಯ್ರೆ.”

ನಮ್ಮ ಆಸ್ಪತ್ರೆಯ ಕಂಪೌಂಡರನ್ನು ಕರೆದುಕೊಂಡು ಹೊರಟೆ. ಅಜ್ಜಾವರದವರು, ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಮಾತು ಕಡಿಮೆ; ಆಡಿದರೂ ಎದುರಿನವರಿಗೆ ಮಾತ್ರ ಕೇಳುವಷ್ಟು.

ಹಟ್ಟಿಯಲ್ಲಿ ಕೋಣ ಮೂರು ಕಾಲಿನಲ್ಲಿ ನಿಂತಿತ್ತು. ನಾಲ್ಕನೆಯದರ ಗೊರಸಿನ ತುದಿ ಮೇಲಕ್ಕೆ ನೆಗೆದಿತ್ತು, ನರ ಪೂರ್ತಿ ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗಾಯದ ತುಂಬ ಕಾಫಿ ಪುಡಿ. ಸಾಲದ್ದಕ್ಕೆ ಬಿಸಿ ಎಣ್ಣೆ ಹಚ್ಚಿ ಇಬ್ಬರು ಕಾಲು ತಿಕ್ಕುತ್ತಿದ್ದರು. ಕಂಬಳದ ಮನೆಯಲ್ಲಿ ಕೋಣಕ್ಕೆ ಎಣ್ಣೆ ತಿಕ್ಕಿ ನೀವುವುದು ಪದ್ಧತಿ. ನೋವಾದರೆ ಇನ್ನೊಂದು ಕುಡ್ತೆ ಎಣ್ಣೆ ಜಾಸ್ತಿ, ಅಷ್ಟೆ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಒಂದೊಂದು ತಿಕ್ಕಿಗೂ ಕಡಿದ ತುದಿಗಳು ದೂರ ಸರಿಯುತ್ತಿದ್ದವು.

“ಕಾಫಿ ಪುಡಿ ಹಾಕ್ಲಿಕ್ಕೆ ಇದು ಎಂತ, ಹೋಟೆಲಾ?” ಎಂದು ಕೂಗಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕಾಕ ತಲೆ ತಗ್ಗಿಸಿ ನಿಂತರು. ಅವರ ವಯಸ್ಸಿಗಾದರೂ ಮರ್ಯಾದೆ ಕೊಡಬೇಕಿತ್ತು, ಕೊಡಲಿಲ್ಲ.

ದೊಡ್ಡ ಆಸ್ಪತ್ರೆಗೆ ಸಾಗಿಸುವ ಹಾಗಿರಲಿಲ್ಲ. ಲಾರಿಯ ಕುಲುಕಾಟಕ್ಕೆ ಕಡಿದ ತುದಿಗಳು ಇನ್ನೂ ದೂರ ಹೋಗುತ್ತಿದ್ದವು. ಹೊಲಿಯದೆ ಬಿಟ್ಟರೆ ಕೋಣ ಇನ್ನು ಕಾಲೂರಿ ನಡೆಯುವುದಿಲ್ಲ. ಕಾಲು ಹೋದ ಕೋಣದ ಗತಿ ಏನು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಕಾಕ ಅದನ್ನು ಕರುವಾಗಿದ್ದಾಗ ತಂದು ಸಾಕಿದವರು. “ಓಡುದು ಬೇಡ ಡಾಕ್ಟ್ರೇ, ನಡೆದ್ರೆ ಸಾಕು” ಎಂದರು.

ಬೈಹುಲ್ಲು ಹಾಸಿ, ಹಗ್ಗ ಹಾಕಿ ಕೋಣವನ್ನು ಮಲಗಿಸಿದೆವು. ಕಾಕ ಕೊಂಬು ಹಿಡಿದು ತಲೆಯ ಹತ್ತಿರ ಕುಳಿತರು. ನಾನು ಮಂಪರಿನ ಮದ್ದನ್ನು ಸಿರಿಂಜಿಗೆ ಎಳೆದುಕೊಂಡೆ. ನಾಲ್ಕು ವರ್ಷ ಮಾಡಿದ ಕೆಲಸ, ಕೈ ತಾನಾಗಿ ಅಳೆಯಿತು. ಕುತ್ತಿಗೆಯ ರಕ್ತನಾಳದ ಮೇಲೆ ಬೆರಳಿಟ್ಟಿದ್ದೆ. ಆಗ ಕಂಪೌಂಡರ್ ಬಗ್ಗಿ ಮೆಲ್ಲಗೆ ಕೇಳಿದರು.

“ಮೇಡಂ, ಇದು ಕುದುರೆಯ ಲೆಕ್ಕ ಅಲ್ವಾ?”

ರಕ್ತನಾಳದ ಮೇಲಿಂದ ಬೆರಳು ತೆಗೆದೆ. ದನಕ್ಕೆ, ಕೋಣಕ್ಕೆ ಆ ಮದ್ದು ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಸಾಕು. ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನೇ. ಕೊಟ್ಟಿದ್ದರೆ ಉಸಿರು ನಿಂತು ಕೋಣ ಅಲ್ಲೇ ಹೋಗುತ್ತಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪರರ ತಟ್ಟೆಯ ನೊಣ ಎಣಿಸುವುದು ಎಂದರೆ ಇದೇ. ಸಿರಿಂಜಿನಲ್ಲಿದ್ದದ್ದನ್ನು ನೆಲಕ್ಕೆ ಚೆಲ್ಲಿ, ಹೊಸದಾಗಿ ಎಳೆದು, ಕಂಪೌಂಡರಿಗೆ ತೋರಿಸಿದೆ. ಅವರು ತಲೆಯಾಡಿಸಿದ ಮೇಲೆಯೇ ಕೊಟ್ಟೆ.

ಮುಂದಿನದು ನನಗೆ ಬರುವ ಕೆಲಸ. ಕಾಲು ಮರಗಟ್ಟಿಸಿ, ಒಂದೊಂದೇ ಕಾಫಿ ಪುಡಿಯ ಕಣ ತೊಳೆದು ತೆಗೆದೆ. ನರದ ಮೇಲಿನ ತುದಿ ಚರ್ಮದಡಿಯಲ್ಲಿ ಗೇಣುದ್ದ ಮೇಲಕ್ಕೆ ಸೇರಿಕೊಂಡಿತ್ತು. ಅದನ್ನು ಎಳೆದು ತಂದು ದಪ್ಪ ನೂಲಿನಲ್ಲಿ ಹೊಲಿಯುವಾಗ ಬೆವರು ಕಣ್ಣಿಗಿಳಿಯುತ್ತಿತ್ತು, ಕಂಪೌಂಡರ್ ಒರೆಸುತ್ತಿದ್ದರು. ಗೊರಸು ಕೆಳಮುಖವಾಗಿ ನಿಲ್ಲುವಂತೆ ಪ್ಲಾಸ್ಟರ್ ಹಾಕಿ, ಗಾಯ ನೋಡಲು ಒಂದು ಕಿಟಕಿ ಬಿಟ್ಟೆವು. ಪ್ಲಾಸ್ಟರ್ ತೆಗೆಯುವವರೆಗೆ ಆ ಕಾಲಿಗೆ ಎಣ್ಣೆ ಮುಟ್ಟಿಸಬಾರದು ಎಂದೆ.

“ಉಳಿದ ಮೂರಕ್ಕೆ ತಿಕ್ಕಬಹುದಲ್ವಾ?” ಎಂದು ಕಾಕ ಕೇಳಿದರು. ಆ ದಿನ ನಾನು ನಕ್ಕದ್ದು ಆಗ ಮಾತ್ರ.

ಹಿಂದಿರುಗುವ ದಾರಿಯಲ್ಲಿ ಕಂಪೌಂಡರ್ ಆ ಸುದ್ದಿ ಎತ್ತಲಿಲ್ಲ. ನಿವೃತ್ತರಾಗುವವರೆಗೆ ಆಫೀಸಿನಲ್ಲಿ ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ಈ ಕಸುಬಿನಲ್ಲಿ ನನಗೆ ಮುಖ ಉಳಿಯುತ್ತಿರಲಿಲ್ಲ. ಅವರ ಋಣ ನನ್ನ ಮೇಲೆ ಇದೆ, ಅದು ತೀರುವಂಥದ್ದಲ್ಲ.

ಕೋಣ ಮತ್ತೆ ಕಂಬಳದ ಗದ್ದೆಗೆ ಇಳಿಯಲಿಲ್ಲ, ಆದರೆ ನಡೆಯಿತು. ಸ್ವಲ್ಪ ಕುಂಟುತ್ತಾ ಅಂಗಳ ದಾಟಿ ಕೆರೆಗೆ ಹೋಗಿ ಬರುವುದನ್ನು ಕಣ್ಣಾರೆ ಕಂಡ ದಿನ ಕಾಕ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಬಂದವರಿಗೆಲ್ಲ ‘ಇವರ ಕೈ ಗುಣ’ ಎಂದು ಹೊಗಳುತ್ತಿದ್ದರು. ಜನ ಹೋದ ಮೇಲೆ ಹೇಳಿಬಿಟ್ಟೆ.

“ಕಾಕ, ಅವತ್ತು ನಾನು ಮೊದಲು ತೆಗೆದ ಮದ್ದು ಕೊಟ್ಟಿದ್ರೆ ನಿಮ್ಮ ಕೋಣ ಏಳ್ತಿರ್ಲಿಲ್ಲ.”

“ಗೊತ್ತುಂಟು. ಕೊಂಬು ಹಿಡಿದು ಕೂತದ್ದು ನಾನಲ್ವಾ? ಕಿವಿ ಕೇಳ್ತದೆ ನನಗೆ.”

“ಮತ್ತೆ ಎಂತಕ್ಕೆ ಸುಮ್ಮನಿದ್ರಿ? ನನ್ನನ್ನು ಓಡಿಸ್ಬಹುದಿತ್ತು.”

ಕಾಕ ಲೋಟ ಕೆಳಗಿಟ್ಟರು.

“ನಮಗೆ ಬೈದಾಗಲೇ ಓಡಿಸುವ ಅಂತಿದ್ದೆ. ಇಷ್ಟು ಸಿಟ್ಟಿನವರ ಕೈಗೆ ಕೋಣ ಕೊಡುದು ಹೇಗೆ ಅಂತ ಹೆದರಿಕೆ. ಕಂಪೌಂಡರ್ ತಪ್ಪು ತೋರಿಸಿದಾಗ ಅವರಿಗೂ ಬೈತೀರಿ ಅಂತ ಕಾದೆ. ನೀವು ಬೈಲಿಲ್ಲ, ಮದ್ದು ಚೆಲ್ಲಿದ್ರಿ. ಅದನ್ನು ನೋಡಿದ ಮೇಲೆ ಡಾಕ್ಟ್ರೇ, ನಾನು ಕೊಂಬು ಗಟ್ಟಿ ಹಿಡಿದದ್ದು.”